ಊರ ಕೋಳಿ ಮೊಟ್ಟೆಯೋ, ಫಾರಂ ಮೊಟ್ಟೆಯೋ? ಆರೋಗ್ಯಕ್ಕೆ ಯಾವುದು ಒಳ್ಳೆಯದು?

“ಬಿಳಿ ಮೊಟ್ಟೆಯಲ್ಲಿ ಸತ್ವವೇ ಇಲ್ಲ, ಕಂದು ಬಣ್ಣದ ಊರ ಕೋಳಿ ಮೊಟ್ಟೆಯನ್ನೇ ತಿನ್ನಿ” ಎಂಬ ಅರ್ಥದ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಇದು ನಂಬುವಂಥ ಮಾತೇ. ಇಲ್ಲಿ ತೋಟದ ಮನೆಗಳಲ್ಲಿ ನಾಲ್ಕಾರು ಊರ ಕೋಳಿ ಸಾಕುವುದು ಹಳೆಯ ರೂಢಿ. ಬಾಣಂತಿಗೆ, ಜ್ವರ ಬಿಟ್ಟು ಎದ್ದವರಿಗೆ ಊರ ಕೋಳಿ ಮೊಟ್ಟೆಯೇ ಆಗಬೇಕು ಎನ್ನುವ ಹಿರಿಯರೂ ಇದ್ದಾರೆ. ಆದರೆ ಅಂಗಡಿಯಲ್ಲಿ ಟ್ರೇಗಟ್ಟಲೆ ಸಿಗುವುದು ಬಿಳಿ ಮೊಟ್ಟೆ. ಹಾಗಾದರೆ ಅದನ್ನು ತಿಂದರೆ ಪ್ರಯೋಜನವಿಲ್ಲವೇ? ಒಂದೊಂದಾಗಿ ನೋಡೋಣ.

ಚಿಪ್ಪಿನ ಬಣ್ಣ ಏನು ಹೇಳುತ್ತದೆ?

ಕೋಳಿಯ ತಳಿ ಯಾವುದು ಎಂಬುದನ್ನು ಮಾತ್ರ. ಕೋಳಿಯ ಹೊಟ್ಟೆಯಲ್ಲಿ ಒಂದು ಮೊಟ್ಟೆ ತಯಾರಾಗಲು ಸುಮಾರು 24ರಿಂದ 26 ಗಂಟೆ ಬೇಕು. ಎಲ್ಲ ಚಿಪ್ಪೂ ಮೊದಲು ಬಿಳಿಯೇ. ಕೆಲವು ತಳಿಗಳಲ್ಲಿ ಕೊನೆಯ ಕೆಲವು ಗಂಟೆಗಳಲ್ಲಿ ಪ್ರೋಟೋಪಾರ್ಫಿರಿನ್ ಎಂಬ ವರ್ಣದ್ರವ್ಯ ಚಿಪ್ಪಿನ ಮೇಲೆ ಕೂರುತ್ತದೆ. ಅದೇ ಕಂದು ಬಣ್ಣ. ಒಳಗಿನ ಸತ್ವಕ್ಕೂ ಅದಕ್ಕೂ ಸಂಬಂಧವಿಲ್ಲ.

ಫಾರಂಗಳಲ್ಲಿ ಹೆಚ್ಚಾಗಿ ಇರುವುದು ಬಿಳಿ ಮೊಟ್ಟೆ ಇಡುವ ವೈಟ್ ಲೆಗ್‌ಹಾರ್ನ್ ಮೂಲದ ಕೋಳಿಗಳು. ಆದರೆ ಬಿವಿ-380ರಂಥ ಕಂದು ಮೊಟ್ಟೆಯ ತಳಿಗಳನ್ನೂ ಫಾರಂಗಳಲ್ಲಿ ಸಾಕುತ್ತಾರೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಕೋಳಿಯ ಮೊಟ್ಟೆಯೂ ಕಂದು. ಆದ್ದರಿಂದ ಕಂದು ಎಂದ ಮಾತ್ರಕ್ಕೆ ಅದು ಊರ ಕೋಳಿಯದ್ದೇ ಆಗಬೇಕಿಲ್ಲ. ಊರ ಕೋಳಿಯ ಮೊಟ್ಟೆಗಳಲ್ಲೂ ಕೆನೆ ಬಣ್ಣದಿಂದ ತಿಳಿ ಕಂದಿನವರೆಗೆ ವ್ಯತ್ಯಾಸ ಇರುತ್ತದೆ.

ಹಳದಿ ಗಾಢವಾಗಿದ್ದರೆ ಸತ್ವ ಹೆಚ್ಚೇ?

ಹಳದಿಯ ಬಣ್ಣ ಬರುವುದು ಕೋಳಿ ತಿಂದ ಆಹಾರದಿಂದ. ಸೊಪ್ಪು, ಹುಲ್ಲು, ಮೆಕ್ಕೆಜೋಳದಲ್ಲಿರುವ ಕ್ಯಾರೊಟಿನಾಯ್ಡ್‌ಗಳು ಹಳದಿಯನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತವೆ. ಫಾರಂ ಕೋಳಿಯ ಆಹಾರಕ್ಕೆ ಚೆಂಡು ಹೂವಿನ ಸಾರ ಬೆರೆಸಿದರೂ ಅದೇ ಬಣ್ಣ ಬರುತ್ತದೆ.

ಸಂದೇಶದಲ್ಲಿ ಸ್ವಲ್ಪ ನಿಜವೂ ಇದೆ. ತೋಟದಲ್ಲಿ ಗೆದ್ದಲು, ಹುಳ, ಹಸಿರು ಎಲೆ ಕೆದಕಿ ತಿನ್ನುವ ಕೋಳಿಯ ಮೊಟ್ಟೆಯಲ್ಲಿ ಒಮೆಗಾ-3 ಕೊಬ್ಬು, ವಿಟಮಿನ್ ಇ ಮುಂತಾದವು ಸ್ವಲ್ಪ ಹೆಚ್ಚಿರಬಹುದು. ಆದರೆ ಅದಕ್ಕೆ ಕಾರಣ ಆಹಾರ, ‘ಊರ’ ಎಂಬ ಹೆಸರಲ್ಲ. ಗೂಡಿನಲ್ಲೇ ಕಟ್ಟಿ ಹಾಕಿ ಅಕ್ಕಿ ನುಚ್ಚು ಮಾತ್ರ ಕೊಟ್ಟರೆ ಊರ ಕೋಳಿಯ ಮೊಟ್ಟೆಗೂ ಆ ಲಾಭ ಸಿಗುವುದಿಲ್ಲ.

ತೂಕ ಹಾಕಿ ನೋಡಿದರೆ?

ಪ್ರೋಟೀನ್ ವಿಷಯದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಚಿಪ್ಪು ತೆಗೆದ 100 ಗ್ರಾಂ ಮೊಟ್ಟೆಯಲ್ಲಿ ಸುಮಾರು 13 ಗ್ರಾಂ ಪ್ರೋಟೀನ್ ಇರುತ್ತದೆ. ಆದರೆ ಗಾತ್ರ ಒಂದೇ ಅಲ್ಲ. ಫಾರಂ ಮೊಟ್ಟೆ ಸಾಮಾನ್ಯವಾಗಿ 50-55 ಗ್ರಾಂ ತೂಗಿದರೆ ಊರ ಕೋಳಿಯದ್ದು 35-40 ಗ್ರಾಂ. ಹಾಗಾಗಿ ಫಾರಂ ಮೊಟ್ಟೆಯೊಂದರಿಂದ ಸುಮಾರು 6 ಗ್ರಾಂ ಪ್ರೋಟೀನ್ ಸಿಕ್ಕರೆ, ಊರ ಕೋಳಿ ಮೊಟ್ಟೆಯಿಂದ 4ರಿಂದ 5 ಗ್ರಾಂ.

ಊರ ಕೋಳಿ ವರ್ಷಕ್ಕೆ ಇಡುವುದು 50-80 ಮೊಟ್ಟೆ, ಫಾರಂ ಕೋಳಿ ಸುಮಾರು 300. ಬೆಲೆಯ ಅಂತರಕ್ಕೆ ಇದೇ ಮುಖ್ಯ ಕಾರಣ. ಊರ ಮೊಟ್ಟೆಯ ಬೆಲೆ ಎರಡು ಪಟ್ಟು ಎಂದಿಟ್ಟುಕೊಳ್ಳಿ. ಅದೇ ಹಣಕ್ಕೆ ಎರಡು ಫಾರಂ ಮೊಟ್ಟೆ, ಅಂದರೆ 12 ಗ್ರಾಂ ಪ್ರೋಟೀನ್ ಬರುತ್ತದೆ. ಲೆಕ್ಕ ಹಾಕಿ ಖರ್ಚು ಮಾಡುವ ಮನೆಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಫಾರಂ ಕೋಳಿಗೆ ಹಾರ್ಮೋನ್ ಚುಚ್ಚುತ್ತಾರೆಯೇ?

ಫಾರಂ ಕೋಳಿ ಹೆಚ್ಚು ಮೊಟ್ಟೆ ಇಡುವುದು ತಳಿ ಆಯ್ಕೆ, ಸಮತೋಲಿತ ಆಹಾರ ಮತ್ತು ದಿನಕ್ಕೆ ಸುಮಾರು 16 ಗಂಟೆಯ ಬೆಳಕಿನಿಂದ. ಸಾವಿರಾರು ಕೋಳಿಗಳಿಗೆ ಒಂದೊಂದಾಗಿ ಹಾರ್ಮೋನ್ ಚುಚ್ಚುವುದು ಯಾವ ಫಾರಂಗೂ ಗಿಟ್ಟುವ ಕೆಲಸವಲ್ಲ.

ನಿಜವಾದ ಕಾಳಜಿ ಇರುವುದು ಆಂಟಿಬಯೋಟಿಕ್ ಬಳಕೆಯ ಬಗ್ಗೆ. ಅದಕ್ಕಾಗಿಯೇ ಕೇಂದ್ರ ಸರ್ಕಾರ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಔಷಧ ಕೊಡುವುದನ್ನು ನಿಷೇಧಿಸಿತು. ಹಾಗೆಂದು ಊರ ಕೋಳಿ ಮೊಟ್ಟೆ ತಾನಾಗಿಯೇ ಶುದ್ಧ ಎನ್ನುವಂತಿಲ್ಲ. ಹೊರಗೆ ಮೇಯುವ ಕೋಳಿ ಕಸದ ಗುಂಡಿಯನ್ನೂ ಕೆದಕುತ್ತದೆ, ಔಷಧ ಸಿಂಪಡಿಸಿದ ತೋಟದಲ್ಲೂ ಓಡಾಡುತ್ತದೆ.

ಹಸಿಯಾಗಿ ಕುಡಿದರೆ ಶಕ್ತಿ ಹೆಚ್ಚೇ?

ಇಲ್ಲ. ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ಸುಮಾರು ಶೇ 90ರಷ್ಟು ದೇಹಕ್ಕೆ ದಕ್ಕಿದರೆ, ಹಸಿಯಾಗಿ ಕುಡಿದಾಗ ದಕ್ಕುವುದು ಅರ್ಧದಷ್ಟು ಮಾತ್ರ. ಜೊತೆಗೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದಿಂದ ವಾಂತಿ, ಭೇದಿಯ ಅಪಾಯವಿದೆ. ಗರ್ಭಿಣಿ, ಬಾಣಂತಿ, ಮಕ್ಕಳು ಮತ್ತು ವಯಸ್ಸಾದವರಿಗೆ ಹಸಿ ಮೊಟ್ಟೆ ಕೊಡಲೇಬಾರದು. ಅದು ಊರ ಕೋಳಿಯದ್ದಾದರೂ ಸರಿ.

ಹಾಗಾದರೆ ಯಾವುದನ್ನು ಕೊಳ್ಳುವುದು?

• ಮನೆಯಲ್ಲೇ ಕೋಳಿ ಇದ್ದರೆ ಆ ಮೊಟ್ಟೆಯನ್ನು ಧಾರಾಳವಾಗಿ ತಿನ್ನಿ. ರುಚಿ ಇಷ್ಟವಾಗಿ, ಕೈಯಲ್ಲಿ ಹಣವೂ ಇದ್ದರೆ ಊರ ಕೋಳಿ ಮೊಟ್ಟೆ ಕೊಳ್ಳಿ.
• ದುಬಾರಿ ಎನಿಸಿದರೆ ಫಾರಂ ಮೊಟ್ಟೆ ಕೊಳ್ಳಿ. ಅದರಲ್ಲಿ ಸತ್ವ ಕಡಿಮೆ ಎಂಬ ಅಳುಕು ಬೇಡ.
• ಒಡಕು ಬಿಟ್ಟ ಮೊಟ್ಟೆ ಬೇಡ. ನೀರಿಗೆ ಹಾಕಿದಾಗ ತಳದಲ್ಲಿ ಮಲಗಿದರೆ ತಾಜಾ, ತೇಲಿದರೆ ಹಳತು.
• ತಂದ ಕೂಡಲೇ ತೊಳೆದಿಡಬೇಡಿ. ಚಿಪ್ಪಿನ ಮೇಲಿನ ರಕ್ಷಣೆಯ ತೆಳು ಪದರ ಹೋಗುತ್ತದೆ. ಬೇಯಿಸುವ ಮುನ್ನ ತೊಳೆಯಿರಿ.
• ಮಧುಮೇಹ, ಹೃದಯದ ತೊಂದರೆ ಇರುವವರು ದಿನಕ್ಕೆ ಎಷ್ಟು ಎಂಬುದನ್ನು ತಮ್ಮ ವೈದ್ಯರಲ್ಲಿ ಕೇಳಿ. ಕೊಲೆಸ್ಟರಾಲ್ ಎರಡೂ ಬಗೆಯ ಮೊಟ್ಟೆಯಲ್ಲಿದೆ.

ಫಾರ್ವರ್ಡ್ ಮಾಡುವ ಮುನ್ನ

ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ ವಿತರಣೆಯನ್ನು 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಆರು ದಿನಕ್ಕೆ ವಿಸ್ತರಿಸಲಾಯಿತು. ಮಕ್ಕಳ ತಟ್ಟೆಗೆ ಸಾಮಾನ್ಯವಾಗಿ ಬೀಳುವುದು ಇದೇ ಬಿಳಿ ಮೊಟ್ಟೆ. ಮೊಟ್ಟೆ ತಿನ್ನುವ ಮನೆಯವರೇ ಇಂಥ ಸಂದೇಶ ನಂಬಿ “ಶಾಲೆಯ ಮೊಟ್ಟೆ ತಿನ್ನಬೇಡ ಮಗಾ” ಎಂದುಬಿಟ್ಟರೆ ಆ ಮಗುವಿಗೆ ದಿನಕ್ಕೆ 6 ಗ್ರಾಂ ಒಳ್ಳೆಯ ಪ್ರೋಟೀನ್ ತಪ್ಪುತ್ತದೆ. ಅದಕ್ಕೆ ಬದಲಾಗಿ ಮನೆಯಲ್ಲಿ ದಿನವೂ ಊರ ಕೋಳಿ ಮೊಟ್ಟೆ ಕೊಡಲು ಎಲ್ಲರಿಂದಲೂ ಆಗುವುದಿಲ್ಲ.

ಒಟ್ಟಿನಲ್ಲಿ, ಬಿಳಿ ಮೊಟ್ಟೆಯಲ್ಲಿ ಸತ್ವವಿಲ್ಲ ಎಂಬುದು ಸುಳ್ಳು. ತಾಜಾ ಇರಲಿ, ಚೆನ್ನಾಗಿ ಬೆಂದಿರಲಿ. ಚಿಪ್ಪಿನ ಬಣ್ಣ ಯಾವುದಾದರೂ ಆಗಲಿ. ಆ ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಅದರ ಕೆಳಗೆ ಇದನ್ನು ಹಾಕಿ.