ಪಾತ್ರಕ್ಕೆ ಮರುಜನ್ಮ, ನಟನಿಗೆ?

‘ಸ್ಟಾರ್ ಟ್ರೆಕ್’ ಸರಣಿಯ 1982ರ ಚಿತ್ರದ ಕೊನೆಯಲ್ಲಿ ಸ್ಪಾಕ್ ಸಾಯುತ್ತಾನೆ. ಸಂಗಡಿಗರನ್ನು ಉಳಿಸಲು ವಿಕಿರಣ ತುಂಬಿದ ಕೋಣೆಗೆ ತಾನೇ ಹೋಗುತ್ತಾನೆ. 1966ರಿಂದ ಅವನನ್ನು ಟೀವಿಯಲ್ಲಿ ನೋಡುತ್ತ ಬಂದವರಿಗೆ ಅದು ಮನೆಯವರ ಸಾವಿನಂತಿತ್ತು. ಆದರೆ 1984ರಲ್ಲಿ, ಮುಂದಿನ ಚಿತ್ರದಲ್ಲೇ, ಸ್ಪಾಕ್ ಮತ್ತೆ ಎದ್ದು ಬಂದ. ಆ ಚಿತ್ರವನ್ನು ನಿರ್ದೇಶಿಸಿದವರು ಸ್ಪಾಕ್ ಪಾತ್ರಧಾರಿ ಲಿಯೊನಾರ್ಡ್ ನಿಮಾಯ್. ಸತ್ತದ್ದು ಪಾತ್ರ ಮಾತ್ರ. ನಟ ಬದುಕಿದ್ದರು, ಒಪ್ಪಿಯೇ ಮರಳಿದ್ದರು.

2016ರ ಹೊತ್ತಿಗೆ ಲೆಕ್ಕ ಬದಲಾಗಿತ್ತು. ಆ ಡಿಸೆಂಬರ್‌ನಲ್ಲಿ ಬಂದ ‘ರೋಗ್ ಒನ್’ ಚಿತ್ರದ ಕಥೆ, 1977ರ ಮೊದಲ ‘ಸ್ಟಾರ್ ವಾರ್ಸ್’ಗಿಂತ ಸ್ವಲ್ಪ ಹಿಂದೆ ನಡೆಯುವಂಥದ್ದು. ಹಾಗಾಗಿ ಅದರಲ್ಲಿ ಖಳನಾಯಕ ಟಾರ್ಕಿನ್ ಬೇಕಿತ್ತು. ಪಾತ್ರಧಾರಿ ಪೀಟರ್ ಕುಶಿಂಗ್ 1994ರಲ್ಲೇ ತೀರಿಕೊಂಡಿದ್ದರು. ಗೈ ಹೆನ್ರಿ ಎಂಬ ನಟ ಅಭಿನಯಿಸಿದರು. ಕಂಪ್ಯೂಟರ್ ಅವರ ಮುಖದ ಮೇಲೆ ಕುಶಿಂಗ್ ಮುಖವನ್ನು ಕೂರಿಸಿತು. ಅನುಮತಿ ಕೊಟ್ಟವರು ಕುಶಿಂಗ್ ಆಸ್ತಿಯ ವಾರಸುದಾರರು.

ಇದು ಹಾಲಿವುಡ್ಡಿನದಷ್ಟೇ ಸಂಗತಿಯಲ್ಲ. ಅದಕ್ಕೆ ಎರಡು ತಿಂಗಳ ಮೊದಲು ನಮ್ಮಲ್ಲೇ ಕೋಡಿ ರಾಮಕೃಷ್ಣ ನಿರ್ದೇಶನದ ‘ನಾಗರಹಾವು’ ತೆರೆಕಂಡಿತ್ತು. ವಿಜ್ಞಾನ ಕಥೆಯಲ್ಲ, ನಾಗನ ಕಥೆ. ತೀರಿಕೊಂಡು ಏಳು ವರ್ಷವಾಗುತ್ತ ಬಂದಿದ್ದ ವಿಷ್ಣುವರ್ಧನ್ ಅದರಲ್ಲಿ ಗ್ರಾಫಿಕ್ಸ್ ಮೂಲಕ ಕಾಣಿಸಿಕೊಂಡರು. 1972ರಲ್ಲಿ ಅವರನ್ನು ನಾಯಕನನ್ನಾಗಿ ಮಾಡಿದ ಪುಟ್ಟಣ್ಣನವರ ಚಿತ್ರದ ಹೆಸರೇ ಇದಕ್ಕೂ.

ಅದೇ 2016ರಲ್ಲಿ ‘ಸ್ಟಾರ್ ಟ್ರೆಕ್’ ಬೇರೆ ದಾರಿ ಹಿಡಿಯಿತು. ಹಿಂದಿನ ವರ್ಷ ನಿಮಾಯ್ ನಿಧನರಾಗಿದ್ದರು. ‘ಸ್ಟಾರ್ ಟ್ರೆಕ್ ಬಿಯಾಂಡ್’ ಚಿತ್ರದಲ್ಲಿ ಕಿರಿಯ ಸ್ಪಾಕ್‌ಗೆ ಹಿರಿಯ ಸ್ಪಾಕ್ ತೀರಿಕೊಂಡ ಸುದ್ದಿ ಬರುತ್ತದೆ. ಎಬ್ಬಿಸುವ ಬದಲು ಆ ಚಿತ್ರ ದುಃಖಿಸಿತು.

2023ರಲ್ಲಿ ಅಮೆರಿಕದ ನಟರು 118 ದಿನ ಮುಷ್ಕರ ಹೂಡಿದಾಗ, ಡಿಜಿಟಲ್ ಪ್ರತಿರೂಪಕ್ಕೆ ಒಪ್ಪಿಗೆ ಬೇಕೆಂಬುದು ಮುಖ್ಯ ಬೇಡಿಕೆಗಳಲ್ಲಿ ಒಂದಾಗಿತ್ತು. ಒಪ್ಪಂದದಲ್ಲಿ ಅದಕ್ಕೆ ಜಾಗವೂ ಸಿಕ್ಕಿತು. ಆದರೆ ವಾರಸುದಾರರ ಸಹಿ ನಟನ ಮನಸ್ಸಿಗೆ ಸಮವೇ? ನಿಮಾಯ್ 1975ರಲ್ಲಿ ಬರೆದ ಆತ್ಮಕಥೆಯ ಹೆಸರು ‘ನಾನು ಸ್ಪಾಕ್ ಅಲ್ಲ’. 1995ರಲ್ಲಿ ಬರೆದದ್ದು ‘ನಾನೇ ಸ್ಪಾಕ್’. ತನ್ನ ಪಾತ್ರದೊಡನೆ ಜಗಳವಾಡಿ ರಾಜಿಯಾಗಲು ಅವರಿಗೆ ಇಪ್ಪತ್ತು ವರ್ಷ ಸಿಕ್ಕಿತು. ಟಾರ್ಕಿನ್ ಮತ್ತೆ ತೆರೆಗೆ ಬಂದಾಗ, ಬೇಡವೆನ್ನಲು ಕುಶಿಂಗ್ ಇರಲಿಲ್ಲ.