ತೊಗರಿಗೆ ಬಂದ ಪರದೇಶದ ಹೆಸರು

ಕಾರ್ತೀಕ ಮಾಸದಲ್ಲಿ ಸೇಡಂನಿಂದ ಚಿತ್ತಾಪುರದ ಕಡೆಗಾಗಲಿ ಚಿಂಚೋಳಿಯ ಕಡೆಗಾಗಲಿ ಹೊರಟವರ ಕಣ್ಣಿಗೆ ಬೀಳುವುದು ಹಳದಿ ಹೂ ಹೊತ್ತ ತೊಗರಿಯ ಹೊಲ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಇಷ್ಟು ನಮ್ಮದಾದ ಬೆಳೆಯು ಸಸ್ಯಶಾಸ್ತ್ರದ ದಫ್ತರದಲ್ಲಿ ಮಾತ್ರ ‘ಕಜಾನಸ್ ಕಜಾನ್’ ಎಂದು ದಾಖಲಾಗಿದೆ. ಈ ಶಬ್ದ ಕನ್ನಡದ್ದಲ್ಲ, ಸಂಸ್ಕೃತದ್ದಲ್ಲ. ವೇಷ ಲ್ಯಾಟಿನ್ನಿನದಾದರೂ ಹುಟ್ಟು ಅಲ್ಲಿಯದಲ್ಲ.

ಇದರ ಮೂಲ ಮಲಯ ಭಾಷೆಯ ‘ಕಚಾಂಗ್’. ಅದು ಯಾವುದೊಂದು ಗಿಡದ ಹೆಸರೂ ಅಲ್ಲ. ಕಾಯಿಯೊಳಗೆ ಬೆಳೆಯುವ ಕಾಳಿಗೆಲ್ಲ ಸಲ್ಲುವ ಮಾತು. ಶೇಂಗಾ ಅಲ್ಲಿ ‘ಕಚಾಂಗ್ ತಾನಾಹ್’, ಎಂದರೆ ನೆಲದ ಕಾಳು. ತೊಗರಿಗೆ ಜಾವಾದಲ್ಲಿ ‘ಗುಡೆ’ ಎಂಬ ಬೇರೆಯೇ ಹೆಸರುಂಟು. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಯುರೋಪಿನವರು ರೂಢನಾಮವನ್ನು ಅಂಕಿತನಾಮವೆಂದು ಹಿಡಿದರು. 1753ರಲ್ಲಿ ಸ್ವೀಡನ್ನಿನ ಲಿನ್ನೆಯಸ್ ಈ ಗಿಡವನ್ನು ‘ಸೈಟಿಸಸ್ ಕಜಾನ್’ ಎಂದು ಕರೆದನು. ಮುಂದೆ ತೊಗರಿಗೇ ಒಂದು ಕುಲವನ್ನು ಕಲ್ಪಿಸಿದವರು ಅದೇ ಶಬ್ದಕ್ಕೆ ಲ್ಯಾಟಿನ್ ಪ್ರತ್ಯಯ ಹಚ್ಚಿದರು. ‘ಕಾಳುಕಾಳು’ ಎಂದಂತಾಯಿತು!

ನಡುವೆ ಸ್ಪ್ರೆಂಗೆಲ್ ಎಂಬ ಜರ್ಮನ್ ಪಂಡಿತನು ‘ಕಜಾನಸ್ ಇಂಡಿಕಸ್’ ಎಂದದ್ದುಂಟು. ಬ್ರಿಟಿಷರ ಕಾಲದ ಕೃಷಿಗ್ರಂಥಗಳಲ್ಲಿ ಕಾಣುವುದು ಬಹುಮಟ್ಟಿಗೆ ಇದೇ. ಆದರೆ ಕುಲ ಬದಲಾದರೂ ಮೊದಲು ಇಟ್ಟ ಜಾತಿಸೂಚಕ ಪದವನ್ನು ಉಳಿಸಬೇಕೆಂಬುದು ಸಸ್ಯನಾಮಕರಣದ ನಿಯಮ. ಹೀಗೆ ಭಾರತದ ಗುರುತು ಅಳಿದು ಮಲಯದ ಕಾಳೇ ನಿಂತಿತು. ನಿಯಮ ಬೇಕಾದದ್ದೇ, ಆದರೂ ಇಲ್ಲಿ ನಷ್ಟ ನಮ್ಮದು.

ಭಾರತದ ಹೆಸರು ಯುರೋಪಿಗೆ ಮುಟ್ಟಿರಲಿಲ್ಲವೆಂದು ವಾಚಕರು ಎಣಿಸಬಾರದು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡನ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದರಲ್ಲಿ ತೊಗರಿಯು ‘ತೋರ ಪೇರೂ’ ಆಗಿ ಕಾಣಿಸುತ್ತದೆ. ಮಲಯಾಳದ ‘ತುವರಪ್ಪಯರ್’ ಡಚ್ಚರ ಕಿವಿಗೆ ಬಿದ್ದ ಬಗೆಯದು. ಲಿನ್ನೆಯಸ್ ಆ ಗ್ರಂಥವನ್ನು ಬಲ್ಲವನೇ.

ತೊಗರಿ, ತುವರ, ತಮಿಳಿನ ತುವರೈ, ಉತ್ತರದ ತೂರ್ ಇವೆಲ್ಲ ಒಂದೇ ಮನೆಯ ಮಕ್ಕಳು. ಕನ್ನಡದ ‘ತೊಗರು’ ಎಂಬುದಕ್ಕೆ ಒಗರೆಂಬ ಅರ್ಥವೂ ಉಂಟು, ಕೆಂಪೆಂಬ ಅರ್ಥವೂ ಉಂಟು. ಕೆಂಪು ತೊಗರಿಯ ಸಿಪ್ಪೆಯನ್ನು ಜಗಿದು ನೋಡಿದವರಿಗೆ ಎರಡೂ ಒಟ್ಟಿಗೇ ತಿಳಿಯುತ್ತವೆ. ಬಣ್ಣ, ರುಚಿಗಳನ್ನು ಗಮನಿಸಿ ಇಟ್ಟ ಹೆಸರಿದು. ‘ಕಾಳು’ ಎಂಬಷ್ಟೇ ಹೇಳುವ ಹೆಸರಿಗಿಂತ ಶಾಸ್ತ್ರೀಯವೆಂದೇ ನನ್ನ ಎಣಿಕೆ.

ತೊಗರಿಯ ಕಾಡುಮೂಲವೆಂದು ವಿಜ್ಞಾನಿಗಳು ಗುರುತಿಸಿರುವ ಗಿಡವು ಒಡಿಶಾ, ಬಸ್ತರ್‌ಗಳ ಕಾಡುಗಳಲ್ಲಿ ಇಂದಿಗೂ ಬೆಳೆಯುತ್ತದೆ. ಅದರ ಶಾಸ್ತ್ರನಾಮ ‘ಕಜಾನಸ್ ಕಜಾನಿಫೋಲಿಯಸ್’, ಎಂದರೆ ಕಜಾನಿನಂಥ ಎಲೆಯುಳ್ಳದ್ದು.