ಹೆಸರು ಮತ್ತು ಬೇರು

ಮೂತ್ರಕೋಶದಲ್ಲಿ ಹರಳುಗಟ್ಟುವ ವ್ಯಾಧಿಗೆ ನಮ್ಮ ಪ್ರಾಚೀನರು 'ಅಶ್ಮರಿ' ಎಂದು ಹೆಸರಿಟ್ಟರು. ಸುಶ್ರುತಸಂಹಿತೆ ಅದನ್ನು ಯಮನಿಗೆ ಹೋಲಿಸುತ್ತದೆ. ನೋವುಂಡವರಿಗೆ ಇದು ಅತಿಶಯೋಕ್ತಿಯೆನಿಸದು. ಅದೇ ಗ್ರಂಥದ ಉತ್ತರತಂತ್ರ ಮೂತ್ರ ಕಟ್ಟುವ ರೋಗಗಳನ್ನು 12 ಬಗೆಯಾಗಿ ಎಣಿಸುತ್ತದೆ. ಅವುಗಳಲ್ಲಿ ಒಂದು 'ಅಷ್ಠೀಲೆ': ಗುದಕ್ಕೂ ಮೂತ್ರಕೋಶಕ್ಕೂ ನಡುವೆ ಕಲ್ಲಿನಂತೆ ಗಟ್ಟಿಯಾಗಿ ಎದ್ದು ಮಲಮೂತ್ರಗಳನ್ನು ತಡೆಯುವ ಗಂಟು. ಇಳಿವಯಸ್ಸಿನ ಗಂಡಸರನ್ನು ಕಾಡುವ ಪ್ರಾಸ್ಟೇಟ್ ಗ್ರಂಥಿಯ ಬಾವನ್ನು ಇಂದಿನ ವೈದ್ಯರು ಈ ವರ್ಣನೆಯಲ್ಲಿ ಗುರುತಿಸುವುದುಂಟು.

ಈ ರೋಗಗಳಿಗೆ ಸುಶ್ರುತನು ಹೇಳುವ ಮೂಲಿಕೆಗಳಲ್ಲಿ ವರುಣದ ಮರವಿದೆ, ನಾವು ನೆಗ್ಗಿಲು ಎನ್ನುವ ಗೋಕ್ಷುರವಿದೆ, ಪಾಷಾಣಭೇದವಿದೆ, ದರ್ಭೆ ಕಾಶಗಳಂಥ ಹುಲ್ಲಿನ ಬೇರುಗಳಿವೆ. ಆದರೆ ಮೂಲಿಕೆಯ ಶಕ್ತಿಗೆ ಆತನು ಎಲ್ಲೆಯನ್ನೂ ಹಾಕುತ್ತಾನೆ. ರೋಗ ಎಳೆಯದಾದರೆ ಔಷಧ, ಬಲಿತರೆ ಶಸ್ತ್ರ. ಶಸ್ತ್ರ ಹಿಡಿಯದಿದ್ದರೆ ಸಾವು ನಿಶ್ಚಯ, ಹಿಡಿದರೆ ಬದುಕು ಸಂಶಯ; ಆದುದರಿಂದ ಒಡೆಯನ ಅಪ್ಪಣೆ ಪಡೆದೇ ಮುಂದುವರಿಯತಕ್ಕದ್ದು ಎಂಬುದು ಆತನ ವಿಧಿ. ತನ್ನ ವಿದ್ಯೆಯ ಮಿತಿಯನ್ನು ಇಷ್ಟು ನೇರವಾಗಿ ನುಡಿದ ಶಾಸ್ತ್ರಕಾರರು ವಿರಳ.

ಸಾಹಿತ್ಯದ ವಿದ್ಯಾರ್ಥಿಯಾದ ನನ್ನನ್ನು ಸೆಳೆಯುವುದು ಇಲ್ಲಿನ ಹೆಸರುಗಳ ಪ್ರಶ್ನೆ. ಪಾಷಾಣಭೇದವೆಂದರೆ ಕಲ್ಲನ್ನು ಒಡೆಯುವುದು. ಬಂಡೆಯ ಬಿರುಕಿನಲ್ಲಿ ಬೆಳೆಯುವ ಗಿಡ ದೇಹದೊಳಗಿನ ಕಲ್ಲನ್ನೂ ಒಡೆದೀತೆಂಬ ಉಪಮೆ ಆ ಹೆಸರಿನಲ್ಲೇ ಅಡಗಿದೆಯಲ್ಲವೆ? ಹಿಮಾಲಯದ ಕಡೆಯಲ್ಲಿ ಬರ್ಜೀನಿಯಾ ಎಂಬ ಸಸ್ಯಕ್ಕೆ ಈ ಹೆಸರು. ದಕ್ಷಿಣದಲ್ಲಿ ಹೊಳೆಯ ಬಂಡೆಗಳ ನಡುವಣ ಬೇರೊಂದು ಪೊದೆಗೂ ಇದೇ ಹೆಸರು. ನೆಗ್ಗಿಲೂ ಒಂದಲ್ಲ: ನೆಲದ ಮೇಲೆ ಹಬ್ಬುವ ಸಣ್ಣ ನೆಗ್ಗಿಲು ಒಂದು ಕುಲದ್ದು, ಆನೆನೆಗ್ಗಿಲು ಇನ್ನೊಂದು ಕುಲದ್ದು. 12ನೆಯ ಶತಮಾನದಲ್ಲಿ ಪೂಜ್ಯಪಾದರ 'ಕಲ್ಯಾಣಕಾರಕ'ವನ್ನು ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನಂಥ ಕವಿಗೆ ಭಾಷಾಂತರವೆಂದರೆ ಬರಿಯ ಶಬ್ದಕ್ಕೆ ಶಬ್ದವಾಗಿರಲಾರದು. ಶಬ್ದದ ಹಿಂದಿರುವ ಗಿಡವನ್ನು ಈ ನೆಲದಲ್ಲಿ ಗುರುತಿಸುವ ಹೊಣೆಯೂ ಆಗಿರಬೇಕು.

ಈ ಹೊಣೆ ತಪ್ಪಿದರೆ ಆಗುವುದೇನೆಂಬುದಕ್ಕೆ ದೂರದೇಶದ ನಿದರ್ಶನವೊಂದಿದೆ. ಬೆಲ್ಜಿಯಮ್ಮಿನ ಬ್ರಸೆಲ್ಸ್ ನಗರದಲ್ಲಿ ಮೈ ಇಳಿಸಲೆಂದು ಚೀನೀ ಮೂಲಿಕೆಗಳನ್ನು ಸೇವಿಸಿದ ಮಹಿಳೆಯರ ಮೂತ್ರಪಿಂಡಗಳು ಹಾಳಾದುದನ್ನು ವೈದ್ಯರು 1993ರಲ್ಲಿ ಪ್ರಕಟಿಸಿದರು. ಮುಂದೆ ಇಂಥ ರೋಗಿಗಳ ಸಂಖ್ಯೆ 100ನ್ನು ಮೀರಿತು; ಕೆಲವರಿಗೆ ಮೂತ್ರನಾಳದ ಕ್ಯಾನ್ಸರೂ ಬಂದಿತು. 'ಫಾಂಗ್ ಜಿ' ಎಂಬ ಹೆಸರನ್ನು ಹಂಚಿಕೊಂಡ ಎರಡು ಬೇರುಗಳಲ್ಲಿ, ಬೇಕಾದುದರ ಬದಲು ಅರಿಸ್ಟೊಲೋಕಿಯಾ ಕುಲದ ವಿಷದ ಬೇರು ಬಂದು ಸೇರಿತ್ತು. ನಮ್ಮ ಹಳ್ಳಿಗಳಲ್ಲಿ ಹಾವಿನ ವಿಷಕ್ಕೆ ಮದ್ದೆಂದು ನಂಬಿರುವ ಈಶ್ವರಿ ಬೇರು ಇದೇ ಕುಲದ್ದು. ಇದರಲ್ಲಿಯೂ ಅದೇ ಅರಿಸ್ಟೊಲೋಕಿಕ್ ಆಮ್ಲವಿದೆ. ನಿಸರ್ಗದತ್ತವಾದುದೆಲ್ಲ ನಿರಪಾಯವೆಂಬ ನಂಬಿಕೆಗೆ ಇದಕ್ಕಿಂತ ಕಟುವಾದ ಉತ್ತರ ಬೇಕಿಲ್ಲ.

ಈ ಎಚ್ಚರ ಪರದೇಶದಿಂದ ಬರಬೇಕಾದುದೇನೂ ಅಲ್ಲ. ಗಿಡಮೂಲಿಕೆಗಳನ್ನು ದನಗಾಹಿಗಳಿಂದ, ಬೇಡರಿಂದ, ತಾಪಸರಿಂದ, ಕಾಡಿನಲ್ಲಿ ಬೇರು ಅಗೆಯುವವರಿಂದ ಕೇಳಿ ಗುರುತಿಸಬೇಕೆಂದು ಸುಶ್ರುತನು ಹೇಳಿದ್ದಾನೆ. ಚರಕಸಂಹಿತೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ಹೆಸರು ಬಲ್ಲೆ, ರೂಪ ಬಲ್ಲೆ ಎಂದರೆ ಸಾಲದು, ಪ್ರಯೋಗವನ್ನೂ ಬಲ್ಲವನೇ ವೈದ್ಯ. ಅರಿಯದ ಔಷಧ ವಿಷದಂತೆ, ಶಸ್ತ್ರದಂತೆ, ಬೆಂಕಿಯಂತೆ. ಅರಿತ ಔಷಧ ಅಮೃತದಂತೆ.

ಮೂತ್ರ ಕಟ್ಟಿದಾಗ, ರಕ್ತ ಕಂಡಾಗ, ಕಾಲು ಬಾತಾಗ ಮೊದಲು ತಜ್ಞ ವೈದ್ಯರಲ್ಲಿಗೆ ಹೋಗುವುದು ವಿವೇಕ. ಸೇವಿಸುತ್ತಿರುವ ಬೇರನ್ನೂ ಜೊತೆಗೊಯ್ದು ತೋರಿಸುವುದು ಇನ್ನೂ ಮೇಲು. ಪರಂಪರೆಯ ಮೇಲಿನ ಅಭಿಮಾನಕ್ಕೆ ಇದರಿಂದ ಕುಂದಿಲ್ಲ. ಕೇಳಿ ತಿಳಿ ಎಂಬುದೇ ಆ ಪರಂಪರೆಯ ಮಾತು.